ಗರ್ಭಕೋಶ ತೆಗೆಸಿದ ಸಾಕುಮೊಲ: ಹೊಲಿಗೆಗಿಂತ ಮೊದಲು ಹಿಕ್ಕೆ ನೋಡಿ

ಬೆಳಿಗ್ಗೆ ಬುಟ್ಟಿಯಲ್ಲಿ ಕೂತು ಆಸ್ಪತ್ರೆಗೆ ಹೋದ ಮೊಲ ಸಂಜೆ ಅದೇ ಬುಟ್ಟಿಯ ಮೂಲೆಯಲ್ಲಿ ಮುದುಡಿಕೊಂಡು ಮನೆಗೆ ಬರುತ್ತದೆ. ಹೊಟ್ಟೆಯ ಕೂದಲನ್ನು ಬೋಳಿಸಿರುತ್ತಾರೆ, ನಡುವೆ ಕೆಲವು ಸೆಂಟಿಮೀಟರ್ ಉದ್ದದ ಗಾಯವಿರುತ್ತದೆ, ಕಿವಿಯ ಅಂಚಿನಲ್ಲಿ ಸೂಜಿ ಚುಚ್ಚಿದ ಕಡೆ ನೀಲಿಗಟ್ಟಿರುತ್ತದೆ. ಸಾಕಿದವರ ಕೈಯಲ್ಲಿ ಒಂದು ಔಷಧದ ಬಾಟಲಿ, ಒಂದು ಸಿರಿಂಜು, ಹತ್ತು ದಿನ ಬಿಟ್ಟು ಕರೆತರಬೇಕೆಂಬ ಚೀಟಿ. ನಾಯಿ ಬೆಕ್ಕುಗಳ ವಿಷಯವಾದರೆ ಕೇಳಿ ತಿಳಿದುಕೊಳ್ಳಲು ಬೀದಿಯಲ್ಲಿ ನಾಲ್ಕು ಜನ ಸಿಗುತ್ತಾರೆ. ಮೊಲದ ವಿಷಯದಲ್ಲಿ ಹಾಗೆ ಸಿಗುವುದು ಕಡಿಮೆ, ಸಿಕ್ಕವರೂ ಹೆಚ್ಚಾಗಿ ನಾಯಿಯ ಲೆಕ್ಕದಲ್ಲೇ ಹೇಳುತ್ತಾರೆ: "ಇವತ್ತು ಏನೂ ತಿನ್ನಿಸಬೇಡಿ, ಸುಮ್ಮನೆ ಮಲಗಲಿ ಬಿಡಿ."

ಮೊಲದ ಮಟ್ಟಿಗೆ ಅತ್ಯಂತ ಅಪಾಯದ ಸಲಹೆ ಇದೇ. ಹಾಗೇಕೆ ಎಂಬುದು ಅರ್ಥವಾದರೆ ಉಳಿದ ಆರೈಕೆಯ ಬಹುಪಾಲು ತಾನಾಗಿಯೇ ಅರ್ಥವಾಗುತ್ತದೆ.

ಏನನ್ನು ತೆಗೆಯುತ್ತಾರೆ, ಏಕೆ

ಪಶುವೈದ್ಯರು 'ಸ್ಪೇ' ಎಂದು ಕರೆಯುವುದು ಹೆಣ್ಣು ಪ್ರಾಣಿಯ ಎರಡು ಅಂಡಾಶಯಗಳನ್ನೂ ಗರ್ಭಕೋಶವನ್ನೂ ತೆಗೆಯುವ ಶಸ್ತ್ರಚಿಕಿತ್ಸೆಯನ್ನು. ಬೀದಿನಾಯಿಗಳ ವಿಷಯದಲ್ಲಿ ಪತ್ರಿಕೆಗಳು ಬರೆಯುವ 'ಸಂತಾನಹರಣ ಚಿಕಿತ್ಸೆ' ಹೆಣ್ಣು ನಾಯಿಯ ಪಾಲಿಗೆ ಇದೇ. ಮನುಷ್ಯರ ಗರ್ಭಕೋಶ ಒಂದೇ ಚೀಲದಂತಿದ್ದರೆ, ಮೊಲದ್ದು ಎರಡು ಪ್ರತ್ಯೇಕ ಕೊಳವೆಗಳ ಜೋಡಿ, ಎರಡಕ್ಕೂ ಬೇರೆ ಬೇರೆ ಕಂಠ. ಅದನ್ನು ಹೊರತೆಗೆಯಲು ಹೊಟ್ಟೆಯ ಚರ್ಮವನ್ನಷ್ಟೇ ಅಲ್ಲ, ಅದರ ಕೆಳಗಿನ ಸ್ನಾಯುಗಳ ಪದರವನ್ನೂ ಕೊಯ್ಯಬೇಕಾಗುತ್ತದೆ. ಅಸ್ತರಿ ಹಾಕಿದ ಕೋಟನ್ನು ಹೊಲಿಯುವಂತೆ ಒಳಪದರ, ಹೊರಪದರಗಳನ್ನು ಬೇರೆ ಬೇರೆಯಾಗಿ ಹೊಲಿದು ಮುಚ್ಚುತ್ತಾರೆ. ಹೊರಗೆ ಕಾಣುವ ಪುಟ್ಟ ಗೀರನ್ನು ನೋಡಿ ಇದು ಚಿಕ್ಕ ಆಪರೇಷನ್ ಎಂದುಕೊಳ್ಳುವಂತಿಲ್ಲ. ಮನೆಯಲ್ಲಿ ಯಾರಿಗಾದರೂ ಗರ್ಭಕೋಶದ ಆಪರೇಷನ್ ಆಗಿದ್ದರೆ ಅವರು ಎಷ್ಟು ದಿನ ಬಾಗದೆ, ಭಾರ ಎತ್ತದೆ ಇದ್ದರು ಎಂಬುದನ್ನು ನೆನೆದುಕೊಂಡರೆ ಸಾಕು.

ಮಾಡಿಸುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಎಲ್ಲರಿಗೂ ಗೊತ್ತಿರುವುದು. ಹೆಣ್ಣು ಮೊಲ ನಾಲ್ಕರಿಂದ ಆರು ತಿಂಗಳಿಗೆ ಪ್ರಾಯಕ್ಕೆ ಬರುತ್ತದೆ, ಸುಮಾರು 31 ದಿನಗಳಲ್ಲಿ ಮರಿ ಹಾಕುತ್ತದೆ, ಮರಿ ಹಾಕಿದ ಒಂದೆರಡು ದಿನಗಳಲ್ಲೇ ಮತ್ತೆ ಗರ್ಭ ಧರಿಸಬಲ್ಲದು. ಅಂಗಡಿಯಿಂದ ಜೋಡಿಯಾಗಿ ತಂದ ಮೊಲಗಳು ವರ್ಷ ತುಂಬುವುದರೊಳಗೆ ಬಾಲ್ಕನಿಯನ್ನೇ ಆಕ್ರಮಿಸಿಕೊಳ್ಳುವುದು ಹೀಗೆ. ಎರಡನೆಯ ಕಾರಣವನ್ನು ಕೇಳಿದವರು ಕಡಿಮೆ, ಆದರೆ ತೂಕ ಅದಕ್ಕೇ ಹೆಚ್ಚು. ವಯಸ್ಸಾದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ತೀರಾ ಸಾಮಾನ್ಯ. ನಾಲ್ಕು ವರ್ಷ ದಾಟಿದ ಮೊಲಗಳ ಕೆಲವು ಅಧ್ಯಯನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಅದು ಕಂಡುಬಂದಿದೆ. ಒಂದೇ ಮೊಲ ಇರುವ ಮನೆಯಲ್ಲೂ ವೈದ್ಯರು ಸ್ಪೇ ಮಾಡಿಸಿ ಎನ್ನುವುದು ಇದಕ್ಕಾಗಿ.

ಕನ್ನಡದಲ್ಲಿ 'ಮೊಲ' ಎಂಬ ಒಂದೇ ಪದ ಎರಡು ಪ್ರಾಣಿಗಳಿಗೆ ಸಲ್ಲುತ್ತದೆ. ಹೊಲದ ಬದುವಿನಲ್ಲಿ ಚಂಗನೆ ಹಾರಿ ಓಡುವುದು ಬೇರೆ ಜಾತಿಯದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಕಾಡುಪ್ರಾಣಿ, ಅದನ್ನು ಸಾಕುವಂತೆಯೇ ಇಲ್ಲ. ಈ ಲೇಖನ ಯುರೋಪಿನ ಮೂಲದಿಂದ ಬಂದು ಸಾಕುಪ್ರಾಣಿಯಾದ ಮೊಲದ ಕುರಿತು ಮಾತ್ರ.

ನಿಲ್ಲಬಾರದ ಕರುಳು

ಮೊಲದ ಜೀರ್ಣಾಂಗ ಕೆಲಸ ಮಾಡುವ ಬಗೆಯೇ ಬೇರೆ. ತಿಂದ ಹುಲ್ಲು ಹೊಟ್ಟೆ ಮತ್ತು ಸಣ್ಣ ಕರುಳನ್ನು ದಾಟಿ ಬಂದಾಗ ದೊಡ್ಡ ಕರುಳಿನ ಮೊದಲ ಭಾಗ ಅದನ್ನು ಮೊರದಲ್ಲಿ ಕೇರಿದಂತೆ ಎರಡು ಪಾಲು ಮಾಡುತ್ತದೆ. ದಪ್ಪ ನಾರು ಮುಂದೆ ಸಾಗಿ ಗುಂಡಗಿನ ಒಣ ಹಿಕ್ಕೆಯಾಗಿ ಹೊರಬೀಳುತ್ತದೆ. ನುಣ್ಣಗಿನ ಅಂಶ ಹಿಂದಕ್ಕೆ ತಿರುಗಿ ಸೀಕಮ್ ಎಂಬ ದೊಡ್ಡ ಚೀಲವನ್ನು ಸೇರುತ್ತದೆ. ಅಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ದೋಸೆ ಹಿಟ್ಟಿನಂತೆ ಹುದುಗಿಸುತ್ತವೆ. ಹುದುಗಿದ್ದು ದ್ರಾಕ್ಷಿ ಗೊಂಚಲಿನಂತೆ ಅಂಟಿಕೊಂಡ ಮೆತ್ತನೆಯ ಉಂಡೆಗಳಾಗಿ ಹೊರಬಂದಾಗ ಮೊಲ ಬಾಗಿ, ಬಾಯಿಯನ್ನು ನೇರವಾಗಿ ಗುದದ್ವಾರಕ್ಕೆ ಕೊಟ್ಟು, ಅವನ್ನು ನುಂಗುತ್ತದೆ. ನೋಡುವವರಿಗೆ ಅಸಹ್ಯವೆನಿಸಿದರೂ ಅದು ಅದರ ಎರಡನೆಯ ಊಟ. ಬಿ ಗುಂಪಿನ ವಿಟಮಿನ್‌ಗಳೂ ಪ್ರೋಟೀನೂ ಅದರಿಂದ ದೊರೆಯುತ್ತವೆ.

ಈ ವ್ಯವಸ್ಥೆ ನಡೆಯುವುದು ಮೇಲಿನಿಂದ ನಾರು ಬೀಳುತ್ತಲೇ ಇದ್ದರೆ ಮಾತ್ರ. ನೋವು, ಭಯ, ಅರಿವಳಿಕೆ ಈ ಮೂರೂ ಕರುಳಿನ ಚಲನೆಯನ್ನು ನಿಧಾನಗೊಳಿಸುತ್ತವೆ. ಶಸ್ತ್ರಚಿಕಿತ್ಸೆಯ ದಿನ ಮೂರೂ ಒಟ್ಟಿಗೆ ಬಂದಿರುತ್ತವೆ. ಚಲನೆ ನಿಧಾನವಾದರೆ ಒಳಗಿರುವುದು ನೀರು ಆರಿ ಗಟ್ಟಿಯಾಗುತ್ತದೆ, ಸೀಕಮ್‌ನಲ್ಲಿ ಬೇಡದ ಸೂಕ್ಷ್ಮಜೀವಿಗಳು ಮೇಲುಗೈ ಪಡೆದು ಗಾಳಿ ತುಂಬುತ್ತದೆ, ಗಾಳಿಯಿಂದ ನೋವು ಹೆಚ್ಚುತ್ತದೆ, ನೋವಿನಿಂದ ಮೊಲ ಮತ್ತಷ್ಟು ತಿನ್ನದಾಗುತ್ತದೆ. ವೈದ್ಯರು 'ಜಿಐ ಸ್ಟೇಸಿಸ್' ಎನ್ನುವುದು ಈ ಸುಳಿಗೆ. ಸಕಾಲದಲ್ಲಿ ಬಿಡಿಸದಿದ್ದರೆ ಒಂದೆರಡು ದಿನಗಳಲ್ಲಿ ಪ್ರಾಣ ಹೋಗಬಹುದು.

ಮನುಷ್ಯರಿಗೆ ಹೊಟ್ಟೆಯ ಆಪರೇಷನ್ ಆದಾಗ ವೈದ್ಯರು "ಗ್ಯಾಸ್ ಹೋಯಿತೇ" ಎಂದು ಕೇಳುವುದೂ ಕರುಳು ಮತ್ತೆ ಓಡಲಾರಂಭಿಸಿತೇ ಎಂದು ತಿಳಿಯಲು. ನಮ್ಮಲ್ಲಿ ಅಲ್ಲಿಯವರೆಗೆ ಊಟ ತಡೆದರೂ ನಡೆಯುತ್ತದೆ. ಮೊಲದಲ್ಲಿ ನಡೆಯುವುದಿಲ್ಲ, ಅದು ತಿಂದರೇ ಕರುಳು ಓಡುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚಿನ ಉಪವಾಸಕ್ಕೂ ಇದೇ ಉತ್ತರ. ನಾಯಿಗಳನ್ನು ಹಿಂದಿನ ರಾತ್ರಿಯಿಂದ ಉಪವಾಸ ಇಡುವುದು ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸನಾಳಕ್ಕೆ ಹೋಗದಿರಲೆಂದು. ಮೊಲಕ್ಕೆ ವಾಂತಿ ಮಾಡುವ ಸಾಮರ್ಥ್ಯವೇ ಇಲ್ಲ. ಬಾಯಿ ಖಾಲಿಯಾಗಿರಲೆಂದು ಸ್ವಲ್ಪ ಹೊತ್ತು ಮೇವು ತೆಗೆದಿಟ್ಟರೆ ಸಾಕಾಗುತ್ತದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವಂತೆ ನಾಯಿಯ ನಿಯಮವನ್ನೇ ಇಲ್ಲಿಗೂ ಎಳೆದು ತರುವವರಿದ್ದಾರೆ. ಮೊಲಗಳನ್ನು ನಿಯಮಿತವಾಗಿ ನೋಡುವ ವೈದ್ಯರನ್ನೇ ಹುಡುಕಿಕೊಳ್ಳುವುದು ಲೇಸೆನ್ನುವುದು ಇದಕ್ಕಾಗಿಯೇ.

2008ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದರಲ್ಲಿ ಅರಿವಳಿಕೆಗೆ ಸಂಬಂಧಿಸಿದ ಸಾವಿನ ಪ್ರಮಾಣ ನಾಯಿಗಳಲ್ಲಿ ಶೇ 0.17, ಬೆಕ್ಕುಗಳಲ್ಲಿ ಶೇ 0.24, ಮೊಲಗಳಲ್ಲಿ ಶೇ 1.39 ಎಂದು ಕಂಡುಬಂತು. ಸತ್ತ ಮೊಲಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸತ್ತದ್ದು ಮೇಜಿನ ಮೇಲಲ್ಲ, ಶಸ್ತ್ರಚಿಕಿತ್ಸೆ ಮುಗಿದ ಮೇಲೆ.

ಬುಟ್ಟಿ ಇಳಿಸುವ ಮುನ್ನ

ಆಸ್ಪತ್ರೆಯಿಂದ ಹೊರಡುವಾಗಲೇ ಕೆಲವು ಪ್ರಶ್ನೆಗಳಿಗೆ ಉತ್ತರ ಪಡೆದುಕೊಂಡಿರಬೇಕು. ಎಚ್ಚರವಾದ ಮೇಲೆ ಮೊಲ ಏನನ್ನಾದರೂ ತಿಂದಿದೆಯೇ, ನೋವಿನ ಚುಚ್ಚುಮದ್ದನ್ನು ಕೊನೆಯ ಬಾರಿ ಎಷ್ಟು ಗಂಟೆಗೆ ಕೊಟ್ಟರು, ಮುಂದಿನ ಡೋಸ್ ಯಾವಾಗ, ಹೊಲಿಗೆ ತಾನಾಗಿ ಕರಗುವಂಥದ್ದೋ ತೆಗೆಸಬೇಕಾದದ್ದೋ, ರಾತ್ರಿ ತೊಂದರೆಯಾದರೆ ಯಾರಿಗೆ ಕರೆ ಮಾಡಬೇಕು. ಕೊನೆಯ ಪ್ರಶ್ನೆಯನ್ನು ಮರೆತವರು ರಾತ್ರಿ ಹನ್ನೊಂದಕ್ಕೆ ಪರದಾಡುತ್ತಾರೆ. ಜಿಲ್ಲಾ ಕೇಂದ್ರಗಳಲ್ಲಂತೂ ದನ, ಎಮ್ಮೆ, ನಾಯಿಗಳ ವೈದ್ಯರು ಸಿಗುವಷ್ಟು ಸುಲಭವಾಗಿ ಮೊಲ ಬಲ್ಲವರು ಸಿಗುವುದಿಲ್ಲ.

ಮನೆಯಲ್ಲಿ ಜಾಗವನ್ನು ಮೊದಲೇ ಸಿದ್ಧಪಡಿಸಿಟ್ಟಿರಬೇಕು. ಒಂದೇ ಮಟ್ಟದ ನೆಲ, ಹತ್ತಿ ಇಳಿಯಲು ಸೋಫಾ, ಮೆಟ್ಟಿಲು, ಎರಡಂತಸ್ತಿನ ಪಂಜರ ಯಾವುದೂ ಇಲ್ಲದ ಮೂಲೆ. ಕೆಳಗೆ ದಿನಪತ್ರಿಕೆ, ಮೇಲೆ ಒಗೆದ ಟವೆಲ್ ಅಥವಾ ಹಳೆಯ ಹತ್ತಿ ಸೀರೆಯ ಮಡಿಕೆ. ಮರದ ಹೊಟ್ಟು ಗಾಯಕ್ಕೆ ಅಂಟಿಕೊಳ್ಳುವುದರಿಂದ ಕೆಲವು ದಿನ ಬೇಡ. ನೀರನ್ನು ನಳಿಕೆಯ ಬಾಟಲಿಯಲ್ಲಿ ಇಡುವ ಅಭ್ಯಾಸವಿದ್ದರೆ ಪಕ್ಕದಲ್ಲಿ ಒಂದು ಭಾರದ ಬಟ್ಟಲಿನಲ್ಲೂ ಇಡುವುದು ಉತ್ತಮ, ನಿತ್ರಾಣವಾದ ಮೊಲ ಕತ್ತೆತ್ತಿ ನಳಿಕೆ ಚೀಪುವುದಿಲ್ಲ.

ಅರಿವಳಿಕೆಯಿಂದ ಎದ್ದ ಮೊಲದ ಮೈ ತಣ್ಣಗಾಗಿರುತ್ತದೆ. ಅದರ ಸಹಜ ಉಷ್ಣತೆ ನಮ್ಮದಕ್ಕಿಂತ ಹೆಚ್ಚು, ಸುಮಾರು 38.5ರಿಂದ 40 ಡಿಗ್ರಿ ಸೆಲ್ಸಿಯಸ್. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಜಾಗದ ಒಂದು ಬದಿಗೆ ಮಾತ್ರ ಇಟ್ಟರೆ ಬೇಕಾದಾಗ ಒರಗಿಕೊಳ್ಳುತ್ತದೆ, ಬೇಡವಾದಾಗ ದೂರ ಸರಿಯುತ್ತದೆ. ಆದರೆ ಇದು ಮಡಿಕೇರಿಯ ಮಳೆಗಾಲಕ್ಕೆ ಹೊಂದುವ ಮಾತು, ಕಲಬುರಗಿಯ ಮೇ ತಿಂಗಳಿಗಲ್ಲ. ಮೊಲ ಬೆವರುವುದಿಲ್ಲ, ಶಾಖವನ್ನು ಹೆಚ್ಚಾಗಿ ಕಿವಿಗಳ ಮೂಲಕವೇ ಹೊರಹಾಕುತ್ತದೆ. ಸುತ್ತಲಿನ ಉಷ್ಣತೆ 30 ಡಿಗ್ರಿ ಸಮೀಪಿಸಿದರೆ ಅದಕ್ಕೆ ಕಷ್ಟ. ಬಯಲುಸೀಮೆಯ ಬೇಸಿಗೆಯಲ್ಲಿ ಬಿಸಿ ಬಾಟಲಿಯ ಬದಲು ಹೆಪ್ಪುಗಟ್ಟಿಸಿದ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿಡಬೇಕಾಗುತ್ತದೆ. ತುರ್ತಿಲ್ಲದ ಶಸ್ತ್ರಚಿಕಿತ್ಸೆಯಾದ್ದರಿಂದ ಅಂಥ ಊರುಗಳಲ್ಲಿ ಅದನ್ನು ನವೆಂಬರ್‌ನಿಂದ ಫೆಬ್ರವರಿಯೊಳಗೆ ಮಾಡಿಸಿಕೊಳ್ಳುವುದು ಜಾಣತನ.

ತಿನ್ನಿಸುವ ಬಗೆ

ಮನೆಗೆ ಬಂದ ತಕ್ಷಣ ಮೂಗಿನ ಮುಂದೆಯೇ ಮೇವು ಇರಬೇಕು. ಒಣಹುಲ್ಲು ಮುಖ್ಯ, ಅಂಗಡಿಯಲ್ಲಿ ಸಿಗುವ ಟಿಮೊಥಿ ಹುಲ್ಲು ಆಮದಿನದ್ದಾದ್ದರಿಂದ ದುಬಾರಿ, ತಾಜಾ ಗರಿಕೆ ಚೆನ್ನಾಗಿಯೇ ನಡೆಯುತ್ತದೆ. ಹಸಿವಿಲ್ಲದ ಮೊಲವನ್ನು ಒಲಿಸಲು ಪರಿಮಳದ ಸೊಪ್ಪು ಬೇಕು: ಕೊತ್ತಂಬರಿ, ಪುದೀನ, ಸಬ್ಬಸಿಗೆ. ಔಷಧ ಹೊಡೆದಿರಬಹುದಾದ ಸೊಪ್ಪನ್ನು ಎರಡು ಮೂರು ನೀರಿನಲ್ಲಿ ಜಾಲಿಸಿ, ನೀರು ಸೋರಿದ ಮೇಲೆ ಒಂದೊಂದೇ ದಂಟನ್ನು ತುಟಿಗೆ ತಾಗಿಸಿದರೆ ಬಟ್ಟಲಿನಲ್ಲಿಟ್ಟಾಗ ಮೂಸದ ಮೊಲವೂ ಕೆಲವೊಮ್ಮೆ ಕಡಿಯುತ್ತದೆ. ಮೊದಲು ಒಂದು ಎಲೆ, ಆಮೇಲೆ ಹತ್ತು ನಿಮಿಷದ ಮೌನ, ಮತ್ತೆ ಒಂದು ದಂಟು. ಆ ರಾತ್ರಿ ಅಷ್ಟಾದರೂ ಸಮಾಧಾನ.

ಕಾಯಿಲೆಯವರಿಗೆ ಹಗುರವೆಂದು ಮನೆಯಲ್ಲಿ ತಕ್ಷಣ ನೆನಪಾಗುವ ಗಂಜಿ, ಮೊಸರನ್ನ, ಹಾಲು, ಬಾಳೆಹಣ್ಣು, ಬಿಸ್ಕತ್ತು ಇವು ಯಾವುವೂ ಬೇಡ. ಪಿಷ್ಟ ಮತ್ತು ಸಕ್ಕರೆ ಸೀಕಮ್ ಸೇರಿದರೆ ಅಲ್ಲಿನ ಹುದುಗು ಕೆಡುತ್ತದೆ. ಚಿತ್ರಗಳಲ್ಲಿ ಮೊಲದ ಕೈಗೆ ಸದಾ ಕೊಡುವ ಕ್ಯಾರೆಟ್ಟೂ ಸಿಹಿಯದೇ.

ಮೊದಲ ರಾತ್ರಿಯೊಳಗೆ ತಾನಾಗಿ ತಿನ್ನಲು ಆರಂಭಿಸದಿದ್ದರೆ ಸಾಮಾನ್ಯವಾಗಿ ಸಿರಿಂಜಿನಿಂದ ತಿನ್ನಿಸಲು ಹೇಳುತ್ತಾರೆ. ಇದಕ್ಕೆಂದೇ ನಾರು ತುಂಬಿದ ಪುಡಿ ಸಿಗುತ್ತದೆ. ಅದು ಸಿಗದ ಊರಿನಲ್ಲಿ ಮೊಲ ದಿನವೂ ತಿನ್ನುವ, ಮೇವಿನ ಪುಡಿಯನ್ನು ಒತ್ತಿ ಮಾಡಿದ ಗುಳಿಗೆಗಳಾದ ಪೆಲೆಟ್‌ಗಳನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಮಿಕ್ಸಿಯಲ್ಲಿ ನುಣ್ಣಗೆ ಅರೆದು, ಇಡ್ಲಿ ಹಿಟ್ಟಿನ ಹದಕ್ಕೆ ತಂದುಕೊಳ್ಳಬಹುದು. ಪ್ರಮಾಣ ಸಾಮಾನ್ಯವಾಗಿ ಪ್ರತಿ ಕಿಲೋ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿ.ಲೀ., ದಿನಕ್ಕೆ ನಾಲ್ಕೈದು ಸಲ. ನಿಮ್ಮ ಮೊಲಕ್ಕೆ ಎಷ್ಟೆಂಬುದನ್ನು ವೈದ್ಯರಿಂದ ಖಚಿತಪಡಿಸಿಕೊಳ್ಳಿ. ಹೊಟ್ಟೆ ಡೋಲಿನಂತೆ ಬಿಗಿದು ಉಬ್ಬಿದ್ದರೆ ಮಾತ್ರ ಬಲವಂತವಾಗಿ ತಿನ್ನಿಸಬಾರದು, ಅದು ನೇರವಾಗಿ ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ.

ತಿನ್ನಿಸುವಾಗ ಮೊಲ ನಾಲ್ಕು ಕಾಲುಗಳ ಮೇಲೆ, ಕೂತ ಭಂಗಿಯಲ್ಲೇ ಇರಬೇಕು. ಒಳಲೆಯಲ್ಲಿ ಮಗುವಿಗೆ ಹಾಲು ಹಾಕುವಂತೆ ಅಂಗಾತ ಮಲಗಿಸಿ ಹಾಕಿದರೆ ಆಹಾರ ಶ್ವಾಸಕೋಶಕ್ಕೆ ಹೋಗುತ್ತದೆ. ಬೆನ್ನು ನಿಮ್ಮ ಹೊಟ್ಟೆಗೆ ಒರಗುವಂತೆ ಮೇಜಿನ ಮೇಲೆ ಕೂರಿಸಿ, ಟವೆಲನ್ನು ಹೆಗಲಿನ ಸುತ್ತ ಸಡಿಲವಾಗಿ ಹೊದಿಸಿ, ಗಾಯದ ಮೇಲೆ ಒತ್ತಡ ಬೀಳದಂತೆ ನೋಡಿಕೊಳ್ಳಿ. ಮುಂದಿನ ಬಾಚಿಹಲ್ಲುಗಳಿಗೂ ಹಿಂದಿನ ದವಡೆ ಹಲ್ಲುಗಳಿಗೂ ನಡುವೆ ಕೆನ್ನೆಯ ಬದಿಯಲ್ಲಿ ಹಲ್ಲಿಲ್ಲದ ಸಂದು ಇದೆ, ಸಿರಿಂಜಿನ ತುದಿ ಹೋಗಬೇಕಾದ್ದು ಅಲ್ಲಿಗೆ. ಒಮ್ಮೆಗೆ ಒಂದು ಮಿ.ಲೀ.ಗಿಂತ ಹೆಚ್ಚು ಬಿಡದೆ, ದವಡೆ ಆಡಿ ನುಂಗುವುದನ್ನು ಕಂಡ ಮೇಲೆಯೇ ಮುಂದಿನದು. ಅರ್ಧದಷ್ಟು ಗಲ್ಲದ ಕೂದಲಿಗೂ ನಿಮ್ಮ ಅಂಗಿಗೂ ಹೋಗುತ್ತದೆ. ಗಲ್ಲವನ್ನು ಒದ್ದೆ ಬಟ್ಟೆಯಿಂದ ಒರೆಸಿಬಿಡಬೇಕು, ಇಲ್ಲವಾದರೆ ಬೆಳಗಾಗುವುದರೊಳಗೆ ಸಾಲುಗಟ್ಟಿದ ಇರುವೆಗಳು ಬಂದಿರುತ್ತವೆ.

ಹಿಕ್ಕೆಯ ಲೆಕ್ಕ

ಆರೋಗ್ಯವಾಗಿರುವ ಮೊಲ ದಿನಕ್ಕೆ 200ರಿಂದ 300 ಹಿಕ್ಕೆ ಹಾಕುತ್ತದೆ. ಒಂದೊಂದೇ ಎಣಿಸುವ ಅಗತ್ಯವಿಲ್ಲ. ದಿನಕ್ಕೆರಡು ಬಾರಿ, ನಿಗದಿತ ಹೊತ್ತಿಗೆ, ಪತ್ರಿಕೆಯ ಮೇಲಿನದ್ದನ್ನು ಗುಡಿಸಿ ಒಂದೇ ಬಟ್ಟಲಿಗೆ ಹಾಕಿ ನೋಡಿದರೆ ನಿನ್ನೆಗಿಂತ ಇಂದು ಹೆಚ್ಚೋ ಕಡಿಮೆಯೋ ತಿಳಿಯುತ್ತದೆ. ಗಾತ್ರ ಸಂಖ್ಯೆಯಷ್ಟೇ ಮುಖ್ಯ. ಸರಿಯಾದ ಹಿಕ್ಕೆ ಕಡಲೆಕಾಳಿನಷ್ಟಿದ್ದು ಎಲ್ಲವೂ ಒಂದೇ ಅಳತೆಯಲ್ಲಿರುತ್ತವೆ, ಬೆರಳಿನಲ್ಲಿ ಹಿಸುಕಿದರೆ ಒಣಹುಲ್ಲಿನ ಪುಡಿಯಂತೆ ಉದುರುತ್ತವೆ. ಶಸ್ತ್ರಚಿಕಿತ್ಸೆಯ ಮರುದಿನ ಅವು ಕರಿಮೆಣಸಿನ ಕಾಳಿನಷ್ಟಾಗಿ, ಗಟ್ಟಿಯಾಗಿ, ಕಪ್ಪಾಗಿ, ಎಣಿಸುವಷ್ಟೇ ಇರಬಹುದು. ಇದು ನಿರೀಕ್ಷಿತವೇ. ಎರಡನೆಯ, ಮೂರನೆಯ ದಿನಕ್ಕೆ ಮತ್ತೆ ಕಡಲೆಯ ಗಾತ್ರಕ್ಕೆ ಬರುತ್ತಿದ್ದರೆ ಕರುಳು ದಾರಿಗೆ ಬಂದಿದೆ. ಮೆಣಸಿನಿಂದ ಸಾಸಿವೆಯತ್ತ ಕುಗ್ಗುತ್ತಿದ್ದರೆ, ಅಥವಾ 12 ಗಂಟೆಗಳಲ್ಲಿ ಒಂದೂ ಬೀಳದಿದ್ದರೆ, ಬೆಳಗಾಗಲೆಂದು ಕಾಯುವ ಹಾಗಿಲ್ಲ.

ಅಡುಗೆಮನೆಯ ಡಿಜಿಟಲ್ ತಕ್ಕಡಿಯಿದ್ದರೆ ಮೊಲವನ್ನು ಬುಟ್ಟಿಯಲ್ಲಿ ಕೂರಿಸಿ ಪ್ರತಿದಿನ ಒಂದೇ ಹೊತ್ತಿಗೆ ತೂಗಿ ಬರೆದಿಡಬಹುದು. ವೈದ್ಯರೊಡನೆ ಫೋನಿನಲ್ಲಿ ಮಾತನಾಡುವಾಗ "ಸ್ವಲ್ಪ ಸೊರಗಿದಂತಿದೆ" ಎನ್ನುವುದಕ್ಕಿಂತ ಆ ಅಂಕಿ ಉಪಯೋಗಕ್ಕೆ ಬರುತ್ತದೆ.

ಮೂತ್ರದ ಬಣ್ಣ ಅನೇಕರನ್ನು ಹೆದರಿಸುತ್ತದೆ. ಮೊಲದ ಮೂತ್ರ ಹಳದಿಯಿಂದ ಕಿತ್ತಳೆ, ಇಟ್ಟಿಗೆಗೆಂಪಿನವರೆಗೂ ಸಹಜವಾಗಿಯೇ ಬದಲಾಗುತ್ತದೆ. ತಿಂದ ಸೊಪ್ಪಿನ ವರ್ಣದ್ರವ್ಯಗಳೇ ಕಾರಣ. ಸುಣ್ಣದಂತೆ ಬೆಳ್ಳಗೆ ಕಟ್ಟುವುದು ಹೆಚ್ಚಾದ ಕ್ಯಾಲ್ಸಿಯಂ. ಇಡೀ ಮೂತ್ರ ಒಂದೇ ಬಣ್ಣದಲ್ಲಿದ್ದರೆ ಅದು ಬಹುತೇಕ ಸೊಪ್ಪಿನದು. ನಡುವೆ ರಕ್ತದ ಎಳೆ, ಹೆಪ್ಪು ಕಂಡರೆ, ಅಥವಾ ಹಿಂಭಾಗದಿಂದ ರಕ್ತ ತೊಟ್ಟಿಕ್ಕುತ್ತಲೇ ಇದ್ದರೆ ಫೋಟೋ ತೆಗೆದು ವೈದ್ಯರಿಗೆ ತೋರಿಸಬೇಕು.

ನೋವು ಎಲ್ಲಿ ಕಾಣುತ್ತದೆ

ಮೊಲ ನೋವಿಗೆ ಅಳುವುದಿಲ್ಲ, ಕುಂಯ್‌ಗುಡುವುದೂ ಇಲ್ಲ. ಬೇಟೆಯಾಗುವ ಪ್ರಾಣಿ ತನ್ನ ದುರ್ಬಲತೆಯನ್ನು ತೋರಿಸಿಕೊಂಡರೆ ಉಳಿಯುವುದಿಲ್ಲ. ಸುಮ್ಮನೆ ಕೂತಿದೆ ಎಂದರೆ ಆರಾಮವಾಗಿದೆ ಎಂದರ್ಥವಲ್ಲ. 2012ರಲ್ಲಿ ಸಂಶೋಧಕರು ಮೊಲದ ಮುಖದಿಂದ ನೋವನ್ನು ಅಳೆಯುವ ಒಂದು ಮಾನದಂಡವನ್ನು ಪ್ರಕಟಿಸಿದರು. ಅದರಲ್ಲಿ ನೋಡುವುದು ಐದು: ಕಣ್ಣು ಎಷ್ಟು ಕಿರಿದಾಗಿದೆ, ದುಂಡಗಿರಬೇಕಾದ ಕೆನ್ನೆ ಚಪ್ಪಟೆಯಾಗಿದೆಯೇ, ಮೂಗಿನ ಹೊಳ್ಳೆಗಳು ಚೂಪಾಗಿವೆಯೇ, ಮೀಸೆ ಬಿಗಿದಿದೆಯೇ, ಕಿವಿಗಳು ಕೊಳವೆಯಂತೆ ಸುರುಟಿ ಹಿಂದಕ್ಕೆ ಒರಗಿವೆಯೇ. ಶಸ್ತ್ರಚಿಕಿತ್ಸೆಗೆ ಒಂದೆರಡು ದಿನ ಮುಂಚೆ, ಮೊಲ ಹಾಯಾಗಿರುವಾಗ, ಮುಖದ ಒಂದು ಫೋಟೋ ತೆಗೆದಿಟ್ಟುಕೊಂಡರೆ ಹೋಲಿಸುವುದು ಸುಲಭ.

ಹಲ್ಲಿನ ಸದ್ದಿನಲ್ಲೂ ಎರಡು ಬಗೆ ಇದೆ. ತಲೆ ಸವರುವಾಗ ಕೇಳಿಸಿಯೂ ಕೇಳಿಸದ ಮೆಲ್ಲನೆಯ ಕಟಕಟ ಸುಖದ್ದು. ಬೆನ್ನು ಗೂನಾಗಿಸಿ, ಮೂಲೆಗೆ ಮುಖ ಮಾಡಿ, ಜೋರಾಗಿ ಹಲ್ಲು ಮಸೆಯುತ್ತಿದ್ದರೆ ಅದು ನೋವಿನದು. ಹೊಟ್ಟೆಯನ್ನು ನೆಲಕ್ಕೆ ಒತ್ತಿ ಒತ್ತಿ ಮಲಗುವುದು, ಕೂತಲ್ಲಿ ಕೂರಲಾಗದೆ ಜಾಗ ಬದಲಿಸುತ್ತಲೇ ಇರುವುದು ಕೂಡ ನೋವೇ.

ಔಷಧದ ಬಾಟಲಿ

ಸಾಮಾನ್ಯವಾಗಿ ಕೊಡುವ ನೋವುನಿವಾರಕ ಮೆಲಾಕ್ಸಿಕಾಮ್, ಸಿಹಿಯಾದ ದ್ರಾವಣ. ಮೊಲ ಚೇತರಿಸಿಕೊಂಡಂತೆ ಕಂಡರೂ ಹೇಳಿದಷ್ಟು ದಿನ ಕೊಡಬೇಕು, ಏಕೆಂದರೆ ಚೇತರಿಕೆ ಕಾಣುತ್ತಿರುವುದೇ ಔಷಧದಿಂದ. ಎಚ್ಚರ ಬೇಕಾದ್ದು ಅಳತೆಯಲ್ಲಿ. 2006ರಲ್ಲಿ ರಣಹದ್ದುಗಳ ಸಾವಿಗೆ ಕಾರಣವೆಂದು ಜಾನುವಾರುಗಳ ನೋವುನಿವಾರಕ ಡೈಕ್ಲೋಫೆನಾಕ್ ನಿಷೇಧವಾದ ಮೇಲೆ ಅದರ ಬದಲಿಯಾಗಿ ನಮ್ಮ ಹಳ್ಳಿಗಳ ಕೊಟ್ಟಿಗೆಗೆ ಬಂದದ್ದೂ ಇದೇ ಮೆಲಾಕ್ಸಿಕಾಮ್. ಹೆಸರು ಒಂದೇ ಆದರೂ ದನದ್ದು, ನಾಯಿಯದ್ದು, ಬೆಕ್ಕಿನದ್ದು ಬೇರೆ ಬೇರೆ ಸಾಂದ್ರತೆಯವು. ಮನೆಯಲ್ಲಿದ್ದ ಬಾಟಲಿಯಿಂದ ಅದೇ ಮಿ.ಲೀ. ಎಳೆದು ಕೊಟ್ಟರೆ ಡೋಸ್ ಹಲವು ಪಟ್ಟು ಹೆಚ್ಚಾಗಬಹುದು. ಮನುಷ್ಯರ ಮಾತ್ರೆಗಳನ್ನು ಪುಡಿ ಮಾಡಿ ಕೊಡುವ ಯೋಚನೆಯೇ ಬೇಡ.

ಆಂಟಿಬಯಾಟಿಕ್‌ಗಳ ವಿಷಯ ಇನ್ನೂ ನಾಜೂಕು. ನಮಗೆ ಸಾಮಾನ್ಯವಾಗಿ ಬರೆದುಕೊಡುವ ಅಮಾಕ್ಸಿಸಿಲಿನ್, ಹಾಗೆಯೇ ಆಂಪಿಸಿಲಿನ್, ಕ್ಲಿಂಡಾಮೈಸಿನ್‌ಗಳನ್ನು ಬಾಯಿಯ ಮೂಲಕ ಕೊಟ್ಟರೆ ಸೀಕಮ್‌ನ ಉಪಕಾರಿ ಸೂಕ್ಷ್ಮಜೀವಿಗಳು ಸತ್ತು, ವಿಷಕಾರಿ ಬ್ಯಾಕ್ಟೀರಿಯಾ ಬೆಳೆದು, ಮೊಲವೇ ಸಾಯಬಹುದು. ಎನ್ರೋಫ್ಲಾಕ್ಸಾಸಿನ್‌ನಂಥ ಬೇರೆ ಔಷಧಗಳನ್ನು ಮೊಲಗಳಲ್ಲಿ ಬಳಸುತ್ತಾರೆ. ಮೊಲಗಳನ್ನು ಹೆಚ್ಚು ನೋಡದ ಕಡೆ ಚಿಕಿತ್ಸೆ ಪಡೆಯಬೇಕಾಗಿ ಬಂದರೆ, ಔಷಧದ ಹೆಸರನ್ನು ಕೇಳಿ "ಇದನ್ನು ಮೊಲಕ್ಕೆ ಬಾಯಿಯಲ್ಲಿ ಕೊಡಬಹುದೇ" ಎಂದು ಮತ್ತೊಮ್ಮೆ ವಿಚಾರಿಸುವುದರಲ್ಲಿ ತಪ್ಪಿಲ್ಲ.

ಗಾಯ, ಕೊರಳಪಟ್ಟಿ, ಹುಳು

ದಿನಕ್ಕೆ ಎರಡು ಬಾರಿ ಗಾಯ ನೋಡಬೇಕು. ಅದಕ್ಕಾಗಿ ಮೊಲವನ್ನು ಅಂಗಾತ ತಿರುಗಿಸುವುದು ರೂಢಿಯಲ್ಲಿರುವ ದೊಡ್ಡ ತಪ್ಪು. ಹಾಗೆ ತಿರುಗಿಸಿದಾಗ ಅದು ಮರಗಟ್ಟಿದಂತೆ ಸುಮ್ಮನಾಗುವುದು ಹಿಡಿತಕ್ಕೆ ಸಿಕ್ಕ ಬೇಟೆಯ ಭಯದಿಂದ. ನಿದ್ದೆಯೂ ಅಲ್ಲ, ನೆಮ್ಮದಿಯೂ ಅಲ್ಲ. ಎಚ್ಚೆತ್ತು ಜಾಡಿಸಿ ಒದ್ದರೆ ಹೊಲಿಗೆ ಬಿಚ್ಚಬಹುದು, ಸೊಂಟದ ಹಗುರ ಮೂಳೆ ಮುರಿಯಲೂಬಹುದು. ಸುಲಭದ ದಾರಿಯೆಂದರೆ, ಒಬ್ಬರು ಕೊತ್ತಂಬರಿಯ ದಂಟನ್ನು ಮೂಗಿನಿಂದ ಸ್ವಲ್ಪವೇ ಮೇಲೆ ಹಿಡಿಯುವುದು. ಮೊಲ ತಲೆ ಎತ್ತಿ ಎದೆಯನ್ನು ತುಸು ಮೇಲೆತ್ತಿದಾಗ ಇನ್ನೊಬ್ಬರು ನೆಲದ ಮಟ್ಟದಲ್ಲಿ ಫೋನ್ ಹಿಡಿದು ಒಂದು ಫೋಟೋ ತೆಗೆದುಕೊಳ್ಳುವುದು. ಅದನ್ನು ದೊಡ್ಡದು ಮಾಡಿ ನೋಡಬಹುದು, ನಿನ್ನೆಯದಕ್ಕೆ ಹೋಲಿಸಬಹುದು.

ಅಂಚುಗಳು ಕೂಡಿಕೊಂಡಿದ್ದು, ತೆಳುಗೆಂಪು, ಅಲ್ಪಸ್ವಲ್ಪ ಊತ, ನೀಲಿ ಛಾಯೆ ಇದ್ದರೆ ಸಹಜ. ಒಳಹೊಲಿಗೆಯ ಗಂಟು ಬಟಾಣಿಯಂತೆ ಕೈಗೆ ಸಿಗಬಹುದು. ಕೀವು, ದುರ್ವಾಸನೆ, ಬಾಯಿಬಿಟ್ಟ ಗಾಯ, ದಿನದಿಂದ ದಿನಕ್ಕೆ ಹೆಚ್ಚುವ ಊತ ಇವು ಸಹಜವಲ್ಲ. ಮೇಲೆ ಅರಿಸಿನ, ಕೊಬ್ಬರಿ ಎಣ್ಣೆ, ಡೆಟಾಲ್, ಸ್ಪಿರಿಟ್ ಯಾವುದನ್ನೂ ಹಚ್ಚಬಾರದು. ಮೊಲ ಅದನ್ನು ನೆಕ್ಕಿ ನುಂಗುತ್ತದೆ, ಅರಿಸಿನದ ಬಣ್ಣದಡಿಯಲ್ಲಿ ಕೆಂಪೇರಿದ್ದು ಕಾಣುವುದಿಲ್ಲ, ಹೊಸ ರುಚಿ ಹತ್ತಿದ ಜಾಗವನ್ನು ಅದು ಬಿಡುವುದೂ ಇಲ್ಲ. ಸ್ನಾನ ಮೊಲಕ್ಕೆ ಯಾವಾಗಲೂ ಬೇಡ, ಈಗಂತೂ ಬೇಡವೇ ಬೇಡ.

ನಾಯಿಗೆ ತೊಡಿಸುವ ಬುಟ್ಟಿಯಂಥ ಕೊರಳಪಟ್ಟಿಯನ್ನು ಹೊಲಿಗೆ ಕಚ್ಚುವ ಮೊಲಗಳಿಗೆ ಮಾತ್ರ, ಅದೂ ವೈದ್ಯರು ಹೇಳಿದರೆ, ಹಾಕುತ್ತಾರೆ. ಅದನ್ನು ತೊಟ್ಟ ಮೊಲಕ್ಕೆ ತನ್ನ ಎರಡನೆಯ ಊಟ, ಆ ಮೆತ್ತನೆಯ ಉಂಡೆ, ಬಾಯಿಗೆ ಸಿಗುವುದಿಲ್ಲ. ಗಾಬರಿಯಲ್ಲಿ ಹುಲ್ಲನ್ನೂ ಬಿಟ್ಟರೆ ಮತ್ತೆ ಕರುಳಿನ ಸುಳಿಯೇ. ಎಳೆಗೂಸಿನ ಹತ್ತಿಯ ಅಂಗಿಯನ್ನು ಕತ್ತರಿಸಿ ಹೊಟ್ಟೆಯ ಭಾಗ ಮಾತ್ರ ಮುಚ್ಚುವಂತೆ ತೊಡಿಸುವುದು ಎಷ್ಟೋ ಮೊಲಗಳಿಗೆ ಒಗ್ಗುತ್ತದೆ. ಹಿಂಭಾಗ ತೆರೆದಿರಬೇಕು, ಬಟ್ಟೆ ಒದ್ದೆಯಾಗದಂತೆ ಬದಲಿಸುತ್ತಿರಬೇಕು.

ಹೊಟ್ಟೆಯ ಗಾಯ ನೋಯುವಾಗ ಬಾಗಲಾಗದೆ ಮೊದಲ ಒಂದೆರಡು ದಿನ ಆ ಉಂಡೆಗಳು ಹಿಂಭಾಗದ ಕೂದಲಿಗೆ ಅಂಟಿಕೊಳ್ಳುವುದುಂಟು. ಆ ವಾಸನೆಗೆ ನೊಣ ಬರುತ್ತದೆ. ದನದ ಗಾಯಕ್ಕೆ ಹುಳು ಬೀಳುವುದನ್ನು ಕಂಡವರಿಗೆ ವಿವರಿಸಬೇಕಿಲ್ಲ: ನೊಣ ಮೊಟ್ಟೆಯಿಟ್ಟ ಒಂದು ದಿನದೊಳಗೆ ಮರಿಹುಳುಗಳು ಹೊರಬಂದು ಮಾಂಸವನ್ನು ತಿನ್ನತೊಡಗುತ್ತವೆ, ಮೊಲದಷ್ಟು ಚಿಕ್ಕ ಪ್ರಾಣಿಗೆ ಅದು ಮಾರಣಾಂತಿಕ. ಎರಡು ವಾರ ಮೊಲವನ್ನು ಮನೆಯೊಳಗೆ, ಮಳೆಗಾಲವಾದರೆ ಸೊಳ್ಳೆಪರದೆಯೊಳಗೆ ಇರಿಸಿ, ಬಾಲದ ಕೆಳಗಿನ ಜಾಗವನ್ನು ಬೆಚ್ಚಗಿನ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಜಾನುವಾರುಗಳ ಗಾಯಕ್ಕೆ ಹೊಡೆಯುವ ನೊಣದ ಸ್ಪ್ರೇ ಬೇಡ. ನಾಯಿಗಳ ಉಣ್ಣೆ, ಚಿಗಟಗಳಿಗೆ ಬಳಸುವ ಫಿಪ್ರೋನಿಲ್ ಅಂತೂ ಮೊಲಕ್ಕೆ ವಿಷ.

ಕಾಯದೆ ಹೊರಡಬೇಕಾದ ಹೊತ್ತು

ಹನ್ನೆರಡು ಗಂಟೆ ಏನೂ ತಿಂದಿಲ್ಲ ಅಥವಾ ಹಿಕ್ಕೆ ಬಿದ್ದಿಲ್ಲ, ಕಿವಿಗಳು ತಣ್ಣಗಾಗಿ ಮೈ ಜೋಲುಬಿದ್ದಿದೆ, ಒಸಡು ಬಿಳಿಚಿಕೊಂಡಿದೆ, ಹೊಟ್ಟೆ ಬಿಗಿದಿದೆ, ನೀರಿನಂತೆ ಭೇದಿಯಾಗುತ್ತಿದೆ, ಗಾಯದಿಂದ ರಕ್ತ ನಿಲ್ಲುತ್ತಿಲ್ಲ. ಇವುಗಳಲ್ಲಿ ಒಂದು ಕಂಡರೂ ಹೊರಡಬೇಕು. ಬಾಯಿ ತೆರೆದು ಉಸಿರಾಡುವುದು ನಾಯಿಯಲ್ಲಿ ಸಾಮಾನ್ಯ, ಮೂಗಿನಿಂದಲೇ ಉಸಿರಾಡುವ ಮೊಲದಲ್ಲಿ ಅದು ಕೊನೆಯ ಹಂತದ ಸೂಚನೆ.

ಜೊತೆಗಾರ ಮೊಲ

ಮನೆಯಲ್ಲಿ ಗಂಡು ಮೊಲವಿದ್ದರೆ ಗಾಯ ಮಾಯುವವರೆಗೆ ಬೇರೆ ಇಡಬೇಕು. ಗರ್ಭ ನಿಲ್ಲುವ ಪ್ರಶ್ನೆ ಇನ್ನಿಲ್ಲವಾದರೂ ಅದು ಮೇಲೇರಿದರೆ ಹೊಲಿಗೆಗೆ ಪೆಟ್ಟು. ಗಂಡಿಗೆ ಶಸ್ತ್ರಚಿಕಿತ್ಸೆ ಮಾಡಿಸಿದ್ದರೂ ನಾಲ್ಕರಿಂದ ಆರು ವಾರ ಅದರಲ್ಲಿ ವೀರ್ಯ ಉಳಿದಿರಬಹುದು, ಆದ್ದರಿಂದ ಸ್ಪೇ ಆಗದ ಬೇರೆ ಹೆಣ್ಣುಗಳ ಬಳಿಗೂ ಬಿಡುವಂತಿಲ್ಲ. ಆದರೆ ಅನ್ಯೋನ್ಯವಾಗಿದ್ದ ಜೋಡಿಯನ್ನು ಪೂರ್ತಿ ದೂರ ಮಾಡಿದರೆ ಆಸ್ಪತ್ರೆಯ ವಾಸನೆ ಹೊತ್ತು ಬಂದ ಗೆಳತಿಯನ್ನು ಇನ್ನೊಂದು ಗುರುತಿಸದೆ ಜಗಳಕ್ಕೆ ನಿಲ್ಲಬಹುದು. ನಡುವೆ ಜಾಲರಿಯಿಟ್ಟು ಅಕ್ಕಪಕ್ಕದಲ್ಲೇ ಇರಿಸಿ, ಒಂದರ ಹಾಸುಬಟ್ಟೆಯನ್ನು ಮತ್ತೊಂದರ ಕಡೆಗೆ ದಿನವೂ ಬದಲಿಸುತ್ತಿದ್ದರೆ ಪರಿಚಯ ಉಳಿಯುತ್ತದೆ.

ಮೂರನೆಯ ದಿನದ ಹೊತ್ತಿಗೆ ಹೆಚ್ಚಿನ ಮೊಲಗಳು ತಾವಾಗಿ ತಿನ್ನುತ್ತವೆ, ಐದಾರನೆಯ ದಿನಕ್ಕೆ ಓಡಾಡಲು ಹಾತೊರೆಯುತ್ತವೆ. ಒಳಪದರದ ಹೊಲಿಗೆ ಇನ್ನೂ ಗಟ್ಟಿಯಾಗದ ಈ ಹೊತ್ತಿನಲ್ಲೇ ಮೊಲ ಸೋಫಾದಿಂದ ಜಿಗಿಯುವುದು, ಆದ್ದರಿಂದ ಅಡ್ಡಗಟ್ಟೆಗಳನ್ನು ತೆಗೆಯಲು ಆತುರಪಡಬಾರದು. ಹತ್ತರಿಂದ ಹದಿನಾಲ್ಕನೆಯ ದಿನದ ನಡುವೆ ವೈದ್ಯರು ಗಾಯ ನೋಡಿ, ಇದ್ದರೆ ಹೊಲಿಗೆ ತೆಗೆಯುತ್ತಾರೆ. ನೆಲ ಕೆರೆಯುವುದು, ಗುಮ್ಮುವುದು, ಕಂಡಲ್ಲಿ ಮೂತ್ರ ಸಿಂಪಡಿಸುವುದು ಮುಂತಾದ ಹಳೆಯ ಚಾಳಿಗಳು ಹಾರ್ಮೋನು ಇಳಿದಂತೆ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತವೆ. ಬೋಳಿಸಿದ ಹೊಟ್ಟೆಯ ಕೂದಲು ಅದಕ್ಕಿಂತಲೂ ನಿಧಾನವಾಗಿ, ಮೊದಲು ಅಲ್ಲೊಂದು ಇಲ್ಲೊಂದು ತೇಪೆಯಂತೆ, ಬೆಳೆಯುತ್ತದೆ.